ಹನ್ನೆರಡನೆಯ ಜೋಡಿ ಕೈ

ಕೂತ್ಕೊಳ್ಳಿ, ಕೂತ್ಕೊಳ್ಳಿ. ಕೈ ಉಣ್ಣೆ ಬಿಡಿಸ್ತಾ ಇರ್ಲಿ, ಕಿವಿ ಮಾತ್ರ ಇತ್ತ ಕೊಡಿ. ಏ ನಿಂಗವ್ವ, ಆ ಬಾಗಿಲು ಸ್ವಲ್ಪ ಮುಂದೆ ಮಾಡು, ಗಾಳಿ ಹೊಡೀತಿದೆ. ಪೂರ್ತಿ ಹಾಕ್ಬೇಡ ಮತ್ತೆ. ಬರೋರು ಯಾರಾದ್ರೂ ಇದ್ರೆ ಬರ್ಲಿ.

ಹೂಂ. ನೆಲ ಮುಗಿಯೋ ಕಡೆ, ನೀರು ಮುಗಿಯದ ಕಡೆ, ಒಂದು ದ್ವೀಪಗಳ ಸಾಲು ಇತ್ತಂತೆ. ಯಾವ ದೇಶ, ಯಾವ ರಾಜ ಅಂತ ಕೇಳ್ಬೇಡಿ. ಹೇಳೋಳು ನೋಡಿಲ್ಲ, ಕೇಳೋರು ಹೋಗಲ್ಲ. ಉತ್ತರಕ್ಕೆ, ಉತ್ತರಕ್ಕೆ, ಇನ್ನೂ ಉತ್ತರಕ್ಕೆ. ಹರಿದ ಸರದ ಮಣಿ ಚೆಲ್ಲಿದಂಗೆ ಸಮುದ್ರದ ಮೇಲೆ ಬಿದ್ದಿದ್ವು ಆ ದ್ವೀಪಗಳು. ಅದರಲ್ಲಿ ಕಟ್ಟಕಡೇ ಮಣಿ ಇದೆಯಲ್ಲ, ಅಲ್ಲಿ ನಡೆದ ಕಥೆ ಇದು.

ಅಲ್ಲಿ ಮರ ಇಲ್ಲ. ಒಂದೂ ಇಲ್ಲ. ಗಾಳಿ ನಿಲ್ಲೋಕೇ ಬಿಡಲ್ಲ. ಮರ ಇಲ್ಲ ಅಂದ್ಮೇಲೆ ಸೌದೆ ಎಲ್ಲಿಂದ ಬರ್ಬೇಕು, ಹೇಳಿ? ಜೌಗು ನೆಲದ ಕರೀ ಮಣ್ಣನ್ನೇ ಇಟ್ಟಿಗೆ ಥರ ಕೊಯ್ದು, ಒಣಗಿಸಿ, ಅದನ್ನೇ ಒಲೆಗೆ ಹಾಕ್ತಾರೆ. ಮಣ್ಣು ಉರಿಯುತ್ತಾ ಅಂತ ನಗ್ಬೇಡ ನಿಂಗವ್ವ. ಉರಿಯುತ್ತೆ. ಗಂಡಸರು ದೋಣಿ ಹತ್ತಿ ಮೀನಿಗೆ ಹೋಗ್ತಾರೆ. ಹೆಂಗಸರು ಕುರಿ ಉಣ್ಣೆ ಕತ್ತರಿಸಿ, ನೂತು, ಬಟ್ಟೆ ನೇಯ್ತಾರೆ. ಹೆಚ್ಚು ಕಮ್ಮಿ ನಮ್ಮ ಹಂಗೇ. ಮಾತು ಮಾತ್ರ ಬೇರೆ, ಗೇಲಿಕ್ ಅಂತ, ಗಂಟಲ ಆಳದಿಂದ ಬರೋ ಮಾತು.

ಆ ಊರಲ್ಲಿ ಮೂರು ಕಟ್ಟಳೆ ಇದ್ವು. ನೆನಪಿಟ್ಕೊಳ್ಳಿ, ಆಮೇಲೆ ಅದೇನು ಇದೇನು ಅಂತ ನನ್ನ ಪ್ರಾಣ ತಿನ್ಬೇಡಿ. ಮನೆಗೆ ಬಂದ ಅತಿಥಿಯ ಹೆಸರು ಕೇಳಬಾರದು. ಅವರಾಗೇ ಹೇಳಿದ್ರೆ ಸರಿ, ಇಲ್ದಿದ್ರೆ ಸುಮ್ನೆ ಉಣ್ಣೋಕೆ ಇಕ್ಕಬೇಕು. ಇದು ಒಂದು. ಸಮುದ್ರದಲ್ಲಿ ಮುಳುಗಿ ಸತ್ತವರ ಹೆಸರು ಮತ್ತೆ ಎತ್ತಬಾರದು. ಎತ್ತಿದ್ರೆ ಸಮುದ್ರಕ್ಕೆ ಕೇಳ್ಸುತ್ತಂತೆ, ಅದೇ ಮನೆಯಿಂದ ಇನ್ನೊಬ್ಬರನ್ನ ಕೊಡು ಅನ್ನುತ್ತಂತೆ. ಇದು ಎರಡು. ಮೂರನೇದು ಬಟ್ಟೇದು. ಹೆಸರು ಕರೀದೆ ಇರೋ ಬಟ್ಟೆ ಮೈಮೇಲೆ ಹಾಕಬಾರದು.

ಬಟ್ಟೆಗೆ ಎಂಥಾ ಹೆಸರು ಅಂತೀರಾ? ಕೇಳಿ. ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಸಡಿಲ ಇರುತ್ತೆ, ಗಾಳಿ ತೂರುತ್ತೆ. ಅದನ್ನ ನೆನೆಹಾಕಿ, ಬಡಿದು, ಬಡಿದು, ಬಡಿದು ದಪ್ಪ ಮಾಡ್ಬೇಕು. ಯಾತರಲ್ಲಿ ನೆನೆಹಾಕ್ತಾರೆ? ಮೂಗು ಮುಚ್ಕೊಳ್ಳಿ. ಮನೆಮಂದಿಯೆಲ್ಲ ಗಡಿಗೆಯಲ್ಲಿ ಕೂಡಿಟ್ಟ ಹಳೇ ಉಚ್ಚೆಯಲ್ಲಿ! ಥೂ ಅನ್ಬೇಡಿ, ಆ ಚಳೀಲಿ ಇದ್ದಿದ್ರೆ ನೀವೂ ಕೂಡಿಡ್ತಿದ್ರಿ. ಕಾಲಿರೋ ಒಂದು ಉದ್ದನೇ ಹಲಗೆ. ಈ ಕಡೆ ಆರು ಹೆಂಗಸರು, ಆ ಕಡೆ ಆರು ಹೆಂಗಸರು. ಗಂಡಸು ಒಳಗೆ ಕಾಲಿಡೋ ಹಾಗಿಲ್ಲ. ಒಬ್ಬಳು ಹಾಡು ಎತ್ತಿಕೊಡ್ತಾಳೆ, ಉಳಿದೋರು ಸೊಲ್ಲು ಹಿಡಿದು ಹಲಗೆಗೆ ಬಟ್ಟೆ ಬಡೀತಾರೆ. ಬಡೀತಾ ಬಡೀತಾ ಕೈಯಿಂದ ಕೈಗೆ ಬಟ್ಟೆ ದಾಟಿಸ್ತಾರೆ, ಸೂರ್ಯ ಸುತ್ತೋ ದಿಕ್ಕಿಗೇ ದಾಟಿಸ್ಬೇಕು. ಬಟ್ಟೆ ದಪ್ಪ ಆದ್ಮೇಲೆ ಮೂರು ಸುತ್ತು ತಿರುಗಿಸಿ, ಸುತ್ತಿಗೊಂದು ಸಲ, ಹಾಕ್ಕೊಳ್ಳೋರ ಹೆಸರು ಕರೀತಾರೆ. ಮೂರು ಸಲ ಕರೆದ್ರೆ ಆ ಬಟ್ಟೆ ಅವರದು, ಅವರು ಬಟ್ಟೆಯವರು. ಅವರನ್ನ ನೆಲ ಬಿಡಲ್ಲ, ನೀರು ಮುಟ್ಟಲ್ಲ. ಬಡಿದ ಕೈ ಯಾವುದಾದ್ರೂ ಸರಿ, ಆ ಕೈಯವಳಿಗೆ ಕರೆಯೋ ಹಕ್ಕು ಇದೆ.

ಆ ಊರಲ್ಲಿ ಮಾರ್ಸಲಿ ಅಂತ ಒಬ್ಬಳಿದ್ಲು. ಕೈ ಚುರುಕು, ಬಾಯಿ ಇನ್ನೂ ಚುರುಕು. ಗಂಡನ ಹೆಸರು ಟಾರ್ಕಿಲ್. ಮೀನುಗಾರ. ಅವನ ಅಪ್ಪ ಅಮ್ಮ ಚಿಕ್ಕಂದಿನಲ್ಲೇ ಹೋಗಿದ್ರು, ಅವನನ್ನ ಅಜ್ಜಿ ಬೇಹಗ್ ಸಾಕಿದ್ಲು. ಬೇಹಗ್‌ಗೆ ಎಂಬತ್ತರ ಹತ್ತಿರ. ದ್ವೀಪದಲ್ಲಿ ಎಲ್ಲರಿಗಿಂತ ಜಾಸ್ತಿ ಹಾಡು ಬಲ್ಲವಳು, ಎಲ್ಲರಿಗಿಂತ ಕಮ್ಮಿ ಮಾತಾಡೋಳು. ಒಂದು ಮನೆ, ಮೂರು ಜನ, ಒಂದು ಒಲೆ.

ಆ ವರ್ಷ ವಸಂತದಲ್ಲಿ ದೋಣಿ ಮಗುಚ್ತು. ಜೊತೆಗಿದ್ದೋರು ಟಾರ್ಕಿಲ್‌ನ ಜುಟ್ಟು ಹಿಡಿದು ಎಳೆದು ಹಾಕ್ಕೊಂಡ್ರು. ಜೀವ ಬಂತು. ಕೋಟು ಬರಲಿಲ್ಲ. ಮಾರ್ಸಲಿ ನೇಯ್ದ ಕೋಟು, ಮಾರ್ಸಲಿ ಹೊಲಿದ ಕೋಟು. ಕಪ್ಪು ನೂಲು ಸಾಲದೆ ಎಡ ಮೊಣಕೈಗೆ ಕೆಂಪು ನೂಲಲ್ಲಿ ತೇಪೆ ಹಾಕಿದ್ಲು. ಹೋಯ್ತು ಬಿಡು, ಗಂಡ ಉಳಿದ್ನಲ್ಲ ಅಂತ ಅವಳು ಬಂಡೆ ಮೇಲೆ ಕೂತು ಅತ್ತು ನಕ್ಕು ಮಾಡಿದ್ಲು.

ಆದ್ರೆ ಅವನು ಬಿಸಿಯಾಗಲಿಲ್ಲ. ಒಲೆ ಮುಂದೆ ಕೂರಿಸಿದ್ರು, ಬಿಸಿಯಾಗಲಿಲ್ಲ. ಕುರಿಚರ್ಮ ಹೊದಿಸಿದ್ರು, ಬಿಸಿಯಾಗಲಿಲ್ಲ. ಮಾರ್ಸಲಿ ಅವನನ್ನ ತಬ್ಬಿ ಮಲಗಿದ್ಲು, ಅವಳಿಗೇ ಚಳಿ ಹಿಡೀತು. ಮೊದಲ ವಾರ ಅವನು ದಿನಾ ಸಂಜೆ ಹೊಸ್ತಿಲಲ್ಲಿ ನಿಂತ. ಎರಡನೇ ವಾರ ದಂಡೇಲಿ ನಿಂತ. ಮೂರನೇ ವಾರ ಪಾದ ಮುಳುಗೋಷ್ಟು ನೀರಲ್ಲಿ ನಿಂತ.

“ಏನು ನೋಡ್ತೀಯ ಅಲ್ಲಿ?” ಅಂದ್ಲು ಮಾರ್ಸಲಿ.

“ಕರೀತಾರೆ,” ಅಂದ.

“ಯಾರು ಕರೀತಾರೆ?”

“ಅಜ್ಜಿ.”

ಅಜ್ಜಿ ಎಲ್ಲಿದ್ಲು ಗೊತ್ತಾ? ಒಲೆ ಪಕ್ಕ ಕೂತು ಉಣ್ಣೆ ಹಿಕ್ಕುತ್ತಿದ್ಲು. ಮಾರ್ಸಲಿ ಅವನ ತೋಳು ಹಿಡಿದು ಎಳೆದ್ಲು. “ಅಜ್ಜಿ ಒಳಗಿದ್ದಾಳಲ್ಲೋ!” ಅಂದ್ಲು. ಅವನು ನೀರನ್ನೇ ನೋಡ್ತಾ, “ಅಜ್ಜಿ ಧ್ವನಿನೇ. ಆದ್ರೆ ಹುಡುಗಿ ಧ್ವನಿ,” ಅಂದ.

ಒಳಗೆ ಬಂದು ಮಾರ್ಸಲಿ ಈ ಮಾತು ಹೇಳಿದ್ಲು. ಬೇಹಗ್ ಕೈಯಲ್ಲಿದ್ದ ಹಣಿಗೆ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡ್ಲು. ಆಮೇಲೆ ಹೇಳಿದ್ಲು, “ಅವನ ಹೆಸರು ಕರೆದ ಕೋಟು ನೀರಲ್ಲಿದೆ. ಹೆಸರು ಅಲ್ಲಿ, ಮೈ ಇಲ್ಲಿ. ಮೈ ಹೆಸರ ಹಿಂದೆ ಹೋಗುತ್ತೆ. ಹುಣ್ಣಿಮೆ ಉಬ್ಬರಕ್ಕೆ ಮುಂಚೆ ಹೊಸ ಬಟ್ಟೆ ನೇಯ್ದು ಅವನ ಹೆಸರು ಕರೀಬೇಕು. ಇಲ್ದಿದ್ರೆ ಅವನು ನಮಗಿಲ್ಲ.”

ಹುಣ್ಣಿಮೆಗೆ ಎಷ್ಟು ದಿನ ಇತ್ತು? ಹತ್ತು ದಿನ. ಮಾರ್ಸಲಿ ಮಗ್ಗಕ್ಕೆ ಕೂತ್ಲು. ಮನೇಲಿದ್ದ ಉಣ್ಣೆಯೆಲ್ಲ ಹಾಕಿದ್ಲು, ಹಾಸಿಗೆ ಬಿಚ್ಚಿ ಅದರ ಉಣ್ಣೆನೂ ಹಾಕಿದ್ಲು. ಒಂಬತ್ತು ದಿನ ನೇಯ್ದು ಒಂಬತ್ತನೇ ಸಂಜೆ ಬಟ್ಟೆ ಇಳಿಸಿದ್ಲು. ಅವಳ ಬೆರಳು ನೋಡಿದ್ರೆ ನೀವು ಅತ್ತುಬಿಡ್ತಿದ್ರಿ.

ಹತ್ತನೇ ದಿನ ಮಧ್ಯಾಹ್ನ ಹೆಂಗಸರೆಲ್ಲ ಬಂದ್ರು. ಗಂಡಸರು ದೂರದ ಮೀನಿಗೆ ಹೋಗಿದ್ರು, ಊರಲ್ಲಿ ಉಳಿದವನು ಟಾರ್ಕಿಲ್ ಒಬ್ಬನೇ. ಅವನು ಒಳಗೆ ಬರೋ ಹಾಗಿಲ್ಲವಲ್ಲ. ಮಾರ್ಸಲಿ ಏನು ಮಾಡಿದ್ಲು? ಅವನನ್ನ ಹೊರಗೆ ಕಲ್ಲಿನ ಮೇಲೆ ಕೂರಿಸಿ, ಸೊಂಟಕ್ಕೆ ದೋಣಿ ಹಗ್ಗ ಬಿಗಿದು, ಇನ್ನೊಂದು ತುದಿ ತಂದು ಹಲಗೆಯ ಕಾಲಿಗೆ ಕಟ್ಟಿದ್ಲು. ಹಗ್ಗ ಎಳೆದ್ರೆ ತನಗೆ ಗೊತ್ತಾಗ್ಲಿ ಅಂತ. ಜಾಣೆ ಅಲ್ವಾ? ಜಾಣೆನೇ. ಆದ್ರೆ ಅದೇ ಜಾಣೆ ಆಮೇಲೆ ಮಾಡಿದ ಕೆಲಸ ಕೇಳಿ.

ಲೆಕ್ಕ ಹಾಕಿದ್ರೆ ಹನ್ನೊಂದೇ ಜನ. ಹನ್ನೆರಡನೇ ಅವಳಿಗೆ ಬೆಳಗ್ಗೆಯಿಂದ ಹೆರಿಗೆ ನೋವು. ಒಂದು ಕಡೆ ಆರು, ಒಂದು ಕಡೆ ಐದು ಆದ್ರೆ ಬಟ್ಟೆ ಒಂದೇ ಕಡೆ ಬಿಗಿಯುತ್ತೆ, ಆ ಬಟ್ಟೆಗೆ ಹೆಸರು ನಿಲ್ಲಲ್ಲ. ಹೊತ್ತು ಇಳೀತಿದೆ. ನೀರು ಏರ್ತಿದೆ. ಪೆಗಿ ಅಂತ ಒಬ್ಬಳು ಬಾಯಿಬಡುಕಿ ಇದ್ಲು, ಅವಳು, “ನಾಳೆ ಮಾಡೋಣ ಬಿಡೇ, ನನಗೂ ಸೊಂಟ ಹಿಡಿದಿದೆ,” ಅಂದ್ಲು. ಮಾರ್ಸಲಿಗೆ ತಲೆ ಕೆಟ್ಟು ಹೋಯ್ತು. ಎದ್ದು ಬಾಗಿಲಿಗೆ ಬಂದ್ಲು. ಸಮುದ್ರದ ಕಡೆ ಮುಖ ಮಾಡಿ ಕೂಗಿದ್ಲು:

“ಎರಡು ಕೈ ಇರೋ ಯಾರಾದ್ರೂ ಸರಿ, ಬನ್ನಿ!”

ಅಯ್ಯೋ ನಮ್ಮವ್ವ. ಯಾರಾದ್ರೂ ಸರಿ ಅಂತ ಕರೀತಾರಾ? ಅದೂ ನೀರಿನ ಕಡೆ ತಿರುಗಿ?

ಬಂದ್ಲು. ಮಾರ್ಸಲಿ ತನ್ನ ಜಾಗಕ್ಕೆ ವಾಪಸ್ ಬಂದು ಕೂರೋದ್ರಲ್ಲಿ ಬಾಗಿಲಲ್ಲಿ ಒಬ್ಬಳು ನಿಂತಿದ್ಲು. ಇಪ್ಪತ್ತು ವರ್ಷ ಇರಬಹುದು. ತಲೆ ಮೇಲೆ ಬಟ್ಟೆ ಇಲ್ಲ, ಕೂದಲು ಬಿಚ್ಚಿದೆ. ಯಾವುದೋ ಗಂಡಸಿನ ಕೋಟು ಹಾಕ್ಕೊಂಡಿದಾಳೆ, ತೋಳು ಮಡಚಿ ಮಡಚಿ ಮೇಲಕ್ಕೆ ಸುತ್ತಿಕೊಂಡಿದಾಳೆ. ಕೋಟಿನಿಂದ ತೊಟ್ ತೊಟ್ ಅಂತ ನೀರು.

“ಆಚೆ ಮಳೆ ಬಂತೇನೇ?” ಅಂದ್ಲು ಪೆಗಿ.

“ಇಲ್ಲ.”

“ಮತ್ತೆ ಇಷ್ಟು ಒದ್ದೆ?”

“ದಾರಿ ಒದ್ದೆ,” ಅಂದ್ಲು ಅವಳು. ಬಂದು ಖಾಲಿ ಜಾಗದಲ್ಲಿ ಕೂತ್ಲು, ಎರಡು ಕೈ ಹಲಗೆ ಮೇಲಿಟ್ಟಳು.

ಹೆಸರು ಕೇಳೋ ಹಾಗಿಲ್ಲ. ಕೂತವರನ್ನ ಬಟ್ಟೆ ಮುಗಿಯೋವರೆಗೂ ಎಬ್ಬಿಸೋ ಹಾಗಿಲ್ಲ. ಮನೆ ತುಂಬಾ ಹೊಗೆ, ಮುಖ ಸರಿಯಾಗಿ ಕಾಣ್ಸಲ್ಲ. ಆಚೆ ಊರಿನ ಹುಡುಗಿ ಇರಬೇಕು, ದೇವರೇ ಕಳಿಸಿದ ಅಂದ್ಕೊಂಡ್ಲು ಮಾರ್ಸಲಿ. ಅತಿಥಿಗೆ ಮೊದಲ ಹಾಡು ಅನ್ನೋದು ಅಲ್ಲಿ ಮರ್ಯಾದೆ. “ಎತ್ತಿಕೊಡವ್ವ,” ಅಂದ್ಲು.

ಅವಳು ಮೊದಲನೇ ಹಾಡು ಎತ್ತಿದ್ಲು. ಎಂಥಾ ಧ್ವನಿ ಅಂತೀರಾ! ಕೈಗಳೆಲ್ಲ ತಾವಾಗೇ ಎದ್ವು. ಧಪ್, ಧಪ್, ಧಪ್. ಕೈಯಿಂದ ಕೈಗೆ ಬಟ್ಟೆ ಹೋಯ್ತು. ಹಾಡು ಮುಗೀತು. ಮಾರ್ಸಲಿ ನಡುಬೆರಳಲ್ಲಿ ಅಗಲ ಅಳೆದ್ಲು. ಶುರುವಿನಲ್ಲಿ ಒಂಬತ್ತು ಬೆರಳಿತ್ತು. ಬಡಿದ್ರೆ ಕುಗ್ಗಬೇಕು ತಾನೇ? ಒಂಬತ್ತೇ ಇತ್ತು.

ಎರಡನೇ ಹಾಡು ಎತ್ತಿದ್ಲು. ಧಪ್, ಧಪ್, ಧಪ್. ಮಾರ್ಸಲಿ ಮೂಗಿಗೆ ಏನೋ ಬೇರೆ ವಾಸನೆ ಬಂತು. ಗಡಿಗೆಯ ಖಾರ ವಾಸನೆ ಹೋಗಿ ಕಡಲ ಪಾಚಿ ವಾಸನೆ. ಅಳೆದ್ಲು. ಹತ್ತು ಬೆರಳು! ಬಟ್ಟೆ ದಪ್ಪ ಆಗೋ ಬದಲು ಬಿಚ್ಚಿಕೊಳ್ತಿದೆ. ಆಗ ಕಣ್ಣಿಟ್ಟು ನೋಡಿದ್ಲು. ಎಲ್ಲರ ಕೈಯಲ್ಲೂ ಬಟ್ಟೆ ಸೂರ್ಯನ ದಿಕ್ಕಿಗೆ ಹೋಗ್ತಿದೆ, ಆ ಹುಡುಗಿಯ ಕೈಗೆ ಬಂದ ತಕ್ಷಣ ಒಂದು ಮೊಳ ಹಿಂದಕ್ಕೆ ಬರ್ತಿದೆ. ಬಡೀತಾ ಬಡೀತಾ ಅವಳ ಕೋಟಿನ ತೋಳು ಬಿಚ್ಚಿಕೊಂಡು ಕೆಳಗೆ ಜಾರ್ತು. ಎಡ ಮೊಣಕೈ. ಕೆಂಪು ನೂಲಿನ ತೇಪೆ.

ಮಾರ್ಸಲಿಗೆ ಗುರುತು ಸಿಕ್ತು. ಯಾರ ಹೊಲಿಗೆ ಮರೆತರೂ ತನ್ನ ಹೊಲಿಗೆ ಮರೀತಾರಾ? ಅದರ ಒಂದೊಂದು ಟಾಂಕೆ ಅವಳಿಗೆ ಗೊತ್ತು, ಎಲ್ಲಿ ಸೂಜಿ ಚುಚ್ಚಿತ್ತು ಅನ್ನೋದೂ ಗೊತ್ತು. ಕೈ ಬಿಡೋಣ ಅಂದ್ರೆ ಅರ್ಧಕ್ಕೆ ಬಿಟ್ಟ ಬಟ್ಟೆ ಹಾಳು, ಬೇರೆ ಉಣ್ಣೆ ಇಲ್ಲ, ಬೇರೆ ದಿನ ಇಲ್ಲ. ಬಡೀತಾನೇ ಇದ್ಲು, ಕಣ್ಣು ಮಾತ್ರ ಆ ತೇಪೆ ಬಿಡಲಿಲ್ಲ.

ಮೂರನೇ ಹಾಡು ಎತ್ತಿದ್ಲು ಹುಡುಗಿ. ಈ ಹಾಡು ಯಾರಿಗೂ ಗೊತ್ತಿಲ್ಲ. ಸೊಲ್ಲು ಹಿಡಿಯೋಕೆ ಹೋದ ಹೆಂಗಸರು ಬಾಯಿ ತೆರೆದುಕೊಂಡೇ ಕೂತ್ರು. ಹಾಡು ಏನಂದ್ರೆ,

ಒಂದು ಚಿಪ್ಪು ನಿನಗೆ, ತಂಗಿ, ಒಂದು ಚಿಪ್ಪು ನನಗೆ,
ನೀರು ಏರೋ ಮೊದಲೇ, ತಂಗಿ, ಹೋಗಿಬಿಡುವ ಮನೆಗೆ.

ಆಗ ಇನ್ನೊಂದು ಧ್ವನಿ ಸೊಲ್ಲು ಹಿಡೀತು. ಒಡಕು ಧ್ವನಿ, ಮುದಿ ಧ್ವನಿ. ಬೇಹಗ್! ಅವಳ ಬಾಯಿ ತಾನಾಗೇ ಹಾಡ್ತಿತ್ತು, ಕಣ್ಣಲ್ಲಿ ನೀರು ಧಾರೆಯಾಗಿ ಇಳೀತಿತ್ತು. ಮಾರ್ಸಲಿ ಎರಡೂ ಧ್ವನಿ ಕೇಳಿದ್ಲು. ಒಂದು ಹಳೇದು, ಒಂದು ಹೊಸದು. ಎರಡೂ ಒಂದೇ ಗಂಟಲಿಂದ ಬಂದಂಗಿತ್ತು. “ಅಜ್ಜಿ ಧ್ವನಿನೇ, ಆದ್ರೆ ಹುಡುಗಿ ಧ್ವನಿ.” ಗಂಡ ಹೇಳಿದ ಮಾತು ಈಗ ಅವಳ ತಲೇಲಿ ಗಂಟೆ ಬಾರಿಸಿತು.

ಹಾಡು ಮುಗೀತು. ಯಾರೂ ಅಳೆಯಲಿಲ್ಲ. ಹುಡುಗಿ ಎರಡೂ ಕೈಯಲ್ಲಿ ಬಟ್ಟೆ ಹಿಡಿದ್ಲು. “ಹಾಡು ಆಯ್ತು. ನಾನು ಬಡಿದಿದೀನಿ. ಕರೆಯೋ ಹಕ್ಕು ನನಗಿದೆ,” ಅಂದ್ಲು. ಬಟ್ಟೆಯನ್ನ ಸೂರ್ಯನಿಗೆ ಎದುರು ದಿಕ್ಕಿಗೆ ಎಳೆದ್ಲು. ಹನ್ನೊಂದು ಹೆಂಗಸರ ಕೈಯಿಂದ ಬಟ್ಟೆ ಜಾರಿ ಒಂದು ಸುತ್ತು ಹೋಯ್ತು.

“ಟಾರ್ಕಿಲ್!”

ಹಲಗೆ ಕಾಲಿಗೆ ಕಟ್ಟಿದ ಹಗ್ಗ ಸರ್ ಅಂತ ಹೊರಗೆ ಸರೀತು. ತೆರೆದ ಬಾಗಿಲಲ್ಲಿ ಮಾರ್ಸಲಿಗೆ ಕಾಣ್ತಿದೆ. ಕಲ್ಲಿನ ಮೇಲೆ ಕೂತಿದ್ದ ಗಂಡ ಎದ್ದ. ದಂಡೆ ಇಳಿದ. ಮೊಣಕಾಲುದ್ದ ನೀರಿಗೆ ಹೋದ.

ಬಟ್ಟೆ ಇನ್ನೊಂದು ಸುತ್ತು ಹೋಯ್ತು.

“ಟಾರ್ಕಿಲ್!”

ಹಗ್ಗ ಬಿಗಿದು ನಿಂತು ಝೇಂಕರಿಸಿತು. ಹಲಗೆ ಕರ್ ಅಂತ ಬಾಗಿಲ ಕಡೆ ಜರುಗಿತು. ಹನ್ನೊಂದು ಹೆಂಗಸರೂ ಹಲಗೆ ತಬ್ಬಿ ಹಿಡಿದ್ರು, ಬಾಯಿಬಡುಕಿ ಪೆಗಿ ಅದರ ಮೇಲೇ ಹತ್ತಿ ಕೂತ್ಲು ಪಾಪ, ತನ್ನ ಭಾರವಾದ್ರೂ ಉಪಯೋಗಕ್ಕೆ ಬರ್ಲಿ ಅಂತ. ಟಾರ್ಕಿಲ್ ಸೊಂಟದವರೆಗೆ ನೀರಲ್ಲಿದ್ದ. ಹಲಗೆ ಕಾಲಿನ ಗಂಟು ಬಿಚ್ಚಿಕೊಳ್ತಿತ್ತು.

“ನಿನಗೆ ನನ್ನ ಗಂಡ ಯಾಕೆ ಬೇಕು?” ಅಂತ ಕಿರುಚಿದ್ಲು ಮಾರ್ಸಲಿ.

ಹುಡುಗಿ ಅವಳ ಕಡೆ ತಿರುಗಿದ್ಲು. ಕೋಪ ಇಲ್ಲ ಆ ಮುಖದಲ್ಲಿ. ಚಳಿ ಇತ್ತು, ಬರೀ ಚಳಿ. “ಅಲ್ಲಿ ತುಂಬಾ ಥಂಡಿ,” ಅಂದ್ಲು. “ಯಾರೂ ಕರೆಯಲ್ಲ. ನಾನು ಯಾರು ಅಂತ ನನಗೇ ಮರೆತುಹೋಗಿದೆ. ಈ ಕೋಟು ಬಂತು. ಇದರಲ್ಲಿ ಒಂದು ಹೆಸರಿತ್ತು. ನನಗೆ ಸಿಕ್ಕಿದ್ದು ಅದೊಂದೇ ಹೆಸರು. ನಾನು ಇಟ್ಕೊಳ್ತೀನಿ.” ಹಾಗಂದು ಮೂರನೇ ಸುತ್ತಿಗೆ ಬಟ್ಟೆ ಹಿಡಿದ್ಲು.

ಮಾರ್ಸಲಿ ಹಲಗೆ ಮೇಲೆ ಬಿದ್ದು ಬಟ್ಟೆಯ ಈ ತುದಿ ಹಿಡಿದ್ಲು. ಅಲ್ಲಿಂದಲೇ ಅಜ್ಜಿಗೆ ಕೂಗಿದ್ಲು, “ಯಾರು ಇವಳು? ನಿನಗೆ ಗೊತ್ತು!”

“ಗೊತ್ತು,” ಅಂದ್ಲು ಬೇಹಗ್.

“ಹೇಳು!”

“ಹೇಳೋ ಹಾಗಿಲ್ಲ ಮಗಳೇ. ನೀರಿಗೆ ಹೋದವರ ಹೆಸರು...”

“ಹೇಳಜ್ಜಿ!”

ಬೇಹಗ್ ಕೈಯಲ್ಲಿ ಬಾಯಿ ಮುಚ್ಕೊಂಡ್ಲು. ಬೆರಳ ಸಂದಿಯಿಂದ ಮಾತು ಬಂತು. ಅರವತ್ತು ವರ್ಷ ನುಂಗಿಟ್ಟಿದ್ದ ಮಾತು. “ನನ್ನ ಅಕ್ಕ. ಆ ವರ್ಷ ಮನೇಲಿ ಒಂದೇ ಬಟ್ಟೆಗಾಗೋಷ್ಟು ಉಣ್ಣೆ. ಹುಡುಗಿಯರು ಇಬ್ಬರು. ಇದೇ ಹಲಗೆ ಮೇಲೆ ಬಡಿದ್ವಿ. ಅಮ್ಮ ಅಕ್ಕನ ಹೆಸರು ಕರೀಬೇಕು ಅಂತಿದ್ಲು, ದೊಡ್ಡವಳು, ಕಡಲ ಬಂಡೆಯಿಂದ ತಿನ್ನೋ ಚಿಪ್ಪು ಕೀಳೋಕೆ ಹೋಗೋಳು ಅವಳೇ ಅಂತ. ನಾನು ಮುಂಚೆನೇ ಬಾಯಿ ಹಾಕಿದೆ. ನನ್ನ ಹೆಸರು ನಾನೇ ಮೂರು ಸಲ ಕರ್ಕೊಂಡೆ. ಅಕ್ಕ ನಕ್ಕುಬಿಟ್ಟಳು. ಹಾಕ್ಕೋ ಕತ್ತೆ, ನಿನಗೇ ಚಳಿ ಜಾಸ್ತಿ ಅಂದ್ಲು. ಮಾರನೇ ದಿನ ಹೆಸರಿಲ್ಲದ ಚಿಂದಿ ಹೊದ್ದು ಹೋದ್ಲು. ನೀರು ಏರಿತು.”

ಹಗ್ಗದ ಗಂಟು ಇನ್ನೊಂದು ಸುತ್ತು ಬಿಚ್ಚಿಕೊಂಡಿತು.

“ಅದಕ್ಕೆ ಹೆಸರೂ ಎತ್ತದೆ ಕೂತ್ಯಾ?” ಅಂದ್ಲು ಮಾರ್ಸಲಿ.

“ಎತ್ತಿದ್ರೆ ಸಮುದ್ರ ಮನೆಯಿಂದ ಇನ್ನೊಬ್ಬರನ್ನ ಕೇಳುತ್ತೆ!”

“ನಿನ್ನ ಮೊಮ್ಮಗ ಸೊಂಟದವರೆಗೆ ನೀರಲ್ಲಿದಾನಲ್ಲಜ್ಜಿ! ಇನ್ನೇನು ಕೇಳುತ್ತೆ ಅದು? ಇನ್ನೇನು ಉಳಿದಿದೆ ಕೊಡೋಕೆ?”

ಆ ಹುಡುಗಿ ತುಟಿ ತೆರೆದ್ಲು. ಮೂರನೇ ಸಲ. “ಟಾರ್...”

“ಐರಿಕ್,” ಅಂದ್ಲು ಬೇಹಗ್.

ಬಟ್ಟೆ ನಿಂತಿತು. ಹುಡುಗಿಯ ಬಾಯಿ ತೆರೆದಲ್ಲೇ ನಿಂತಿತು. ಯಾರೋ ಬಹಳ ದೂರದಿಂದ ಕರೆದಂಗೆ ತಲೆ ಓರೆ ಮಾಡಿದ್ಲು. ಎಂಬತ್ತರ ಮುದುಕಿ ಇಪ್ಪತ್ತರ ಹುಡುಗಿ ಕಡೆ ಕೈ ಚಾಚಿ ಬಿಕ್ಕಿದ್ಲು, “ಅಕ್ಕಾ.”

ಈಗ ಮಾರ್ಸಲಿ ಏನು ಮಾಡಬೇಕು, ನೀವೇ ಹೇಳಿ. ಕೈಯಲ್ಲಿರೋದು ಒಂದೇ ಬಟ್ಟೆ. ಒಂಬತ್ತು ದಿನ ಬೆರಳು ಸೀಳಿ ನೇಯ್ದದ್ದು. ಇದನ್ನ ಇವಳಿಗೆ ಕೊಟ್ರೆ ಗಂಡನಿಗೆ ಏನಿದೆ? ಏನೂ ಇಲ್ಲ. ಅರವತ್ತು ವರ್ಷದ ಹಿಂದೆ ಇದೇ ಹಲಗೆ ಮುಂದೆ ಇನ್ನೊಬ್ಬ ಹುಡುಗಿ ಇದೇ ಲೆಕ್ಕ ಹಾಕಿ ತನ್ನ ಹೆಸರೇ ಕರ್ಕೊಂಡಿದ್ಲು. ಮಾರ್ಸಲಿ ಬಾಗಿಲ ಆಚೆ ನೋಡಿದ್ಲು. ಗಂಡನ ಬೆನ್ನು ಕಾಣ್ತಿತ್ತು, ಭುಜ ಕಾಣ್ತಿತ್ತು. ಆದ್ರೂ ಹಲ್ಲು ಕಚ್ಚಿ ಬಟ್ಟೆ ತುದಿ ಹಿಡಿದು ಸೂರ್ಯನ ದಿಕ್ಕಿಗೆ ಎಳೆದ್ಲು.

“ಕಳ್ಳನಿಗಲ್ಲ, ಕಡಲಿಗಲ್ಲ, ನನ್ನ ಗಂಡನಿಗೂ ಅಲ್ಲ ಈ ಬಟ್ಟೆ. ಐರಿಕ್‌ಗೆ!”

ಬಟ್ಟೆ ಒಂದು ಸುತ್ತು ಹೋಯ್ತು. ಹಗ್ಗ ಒಂದಿಷ್ಟು ಸಡಿಲ ಆಯ್ತು.

ಎರಡನೇ ಸುತ್ತಿಗೆ ಹೆಂಗಸರೆಲ್ಲ ಕೈ ಹಾಕಿದ್ರು. “ಐರಿಕ್!” ಅಂತ ಹತ್ತು ಬಾಯಿ ಒಟ್ಟಿಗೆ ಕರೀತು. ಮನೆ ಗೋಡೆ ನಡುಗಿತು. ಹಗ್ಗ ನೆಲಕ್ಕೆ ಬಿತ್ತು. ಆ ಹುಡುಗಿಯ ಕೋಟಿನಿಂದ ನೀರು ತೊಟ್ಟಿಕ್ಕೋದು ನಿಂತಿತು.

ಮೂರನೇ ಸುತ್ತು ಬೇಹಗ್‌ದು. ಅವಳೇ ಎದ್ದು ನಿಂತು ಬಟ್ಟೆ ತಿರುಗಿಸಿದ್ಲು. ಮುಂಚೆ ಕರೀಬೇಕಾಗಿದ್ದ ಕಾಲಕ್ಕೆ ಕರೀಲಿಲ್ಲ. ಈಗ ಕರೆದ್ಲು. ಮೆಲ್ಲಗೆ ಕರೆದ್ಲು, ಪಕ್ಕದಲ್ಲಿ ಮಲಗಿರೋ ಅಕ್ಕನನ್ನ ಎಬ್ಬಿಸೋ ಹಂಗೆ.

“ಐರಿಕ್.”

ಮಾರ್ಸಲಿ ಬಟ್ಟೆ ಅಳೆದು ನೋಡಿದ್ಲು. ಎಂಟು ಬೆರಳು. ದಪ್ಪಗೆ, ಬಿಗಿಯಾಗಿ, ಬೆಚ್ಚಗೆ.

ಹುಡುಗಿ ಕೋಟು ಬಿಚ್ಚಿ ಹಲಗೆ ಮೇಲಿಟ್ಟಳು. “ಇದು ನನ್ನ ಅಳತೆ ಅಲ್ಲ, ಇದರ ಹೆಸರೂ ನನ್ನದಲ್ಲ,” ಅಂದ್ಲು. ತನ್ನ ಬಟ್ಟೆ ತಗೊಂಡು ಮೈಗೆ ಸುತ್ತಿಕೊಂಡ್ಲು. ಆಮೇಲೆ ಬೇಹಗ್ ಹತ್ರ ಬಂದು ಅವಳ ಸುಕ್ಕು ಮುಖ ಎರಡೂ ಕೈಯಲ್ಲಿ ಹಿಡಿದು ನೋಡಿದ್ಲು. “ಎಷ್ಟು ಮುದುಕಿ ಆಗಿಬಿಟ್ಟಿದೀಯೇ ಕತ್ತೆ,” ಅಂದ್ಲು. ನಕ್ಕುಬಿಟ್ಟಳು.

ಹೊರಗೆ ಹೋದ್ಲು. ಎಲ್ಲರೂ ಬಾಗಿಲಿಗೆ ಬಂದು ನೋಡಿದ್ರು. ಅವಳು ದಂಡೆ ಕಡೆ ಇಳೀಲಿಲ್ಲ. ಗುಡ್ಡದ ಕಡೆ ಹತ್ತಿದ್ಲು, ಊರಿನ ಸಮಾಧಿಗಳಿರೋ ಕಡೆ. ಕಲ್ಲು ದಾರಿ ಮೇಲೆ ಅವಳ ಹೆಜ್ಜೆ ಮೊದಲು ತೊಪ್ಪೆ ಒದ್ದೆ ಬಿತ್ತು. ಆಮೇಲೆ ಅರೆ ಒದ್ದೆ. ಆಮೇಲೆ ಹೆಜ್ಜೆನೇ ಕಾಣಲಿಲ್ಲ.

ಕೆಳಗಿಂದ ಟಾರ್ಕಿಲ್ ನಡ್ಕೊಂಡು ಬಂದ. ಸೊಂಟದಲ್ಲಿ ಹಗ್ಗ ನೇತಾಡ್ತಿದೆ, ಮುಖ ಕೆಂಪಗಾಗಿದೆ. “ಎಂಥಾ ಚಳಿ ಮಾರಾಯ್ತಿ! ನನ್ನನ್ನ ಯಾಕೆ ನಾಯಿ ಥರ ಕಟ್ಟಿದೀರಿ? ಗಂಜಿ ಇದೆಯಾ?” ಅಂದ. ಮಾರ್ಸಲಿ ಓಡಿಹೋಗಿ ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ತಬ್ಬಿಕೊಂಡ್ಲು. ಬಿಸಿಯಾಗಿದ್ದ. ಅವಳು ಅಲ್ಲೇ ಕುಸಿದು ಕೂತು ಗೊಳೋ ಅಂತ ಅತ್ಲು.

ಮಾರನೇ ಬೆಳಗ್ಗೆ ಗುಡ್ಡ ಹತ್ತಿ ನೋಡಿದ್ರು. ಬೇಹಗ್‌ನ ಅಪ್ಪ ಅಮ್ಮನ ಸಮಾಧಿ ಪಕ್ಕ ಹುಲ್ಲಿನ ಮೇಲೆ ಬಟ್ಟೆ ಹಾಸಿತ್ತು. ರಾತ್ರಿಯೆಲ್ಲ ಮಂಜು ಬಿದ್ದು ಹುಲ್ಲೆಲ್ಲ ತೊಯ್ದಿದೆ, ಬಟ್ಟೆ ಮಾತ್ರ ಒಣಗಿದೆ. ಮಾರ್ಸಲಿ ಬಗ್ಗಿ ಕೈ ಇಟ್ಟು ನೋಡಿದ್ಲು. ಈಗಷ್ಟೇ ಯಾರೋ ಎದ್ದು ಹೋದ ಹಾಸಿಗೆಯಂಗೆ ಬೆಚ್ಚಗಿತ್ತು. ಮುಟ್ಟಿದ ಕೈ ಹಿಂದಕ್ಕೆ ತಗೊಂಡ್ಲು. ಅಲ್ಲೇ ಗುಂಡಿ ತೋಡಿ ಬಟ್ಟೆ ಮಣ್ಣು ಮಾಡಿ ಕಲ್ಲಿಟ್ರು. ಬೇಹಗ್ ಆ ಚಳಿಗಾಲ ದಾಟಲಿಲ್ಲ. ಸಾಯೋ ಮುಂಚೆ ಪೆಟ್ಟಿಗೆಯ ತಳದಿಂದ ಒಂದು ಹಳೇ ಬಟ್ಟೆ ತೆಗೆಸಿದ್ಲು. ತನ್ನ ಹೆಸರು ಮೂರು ಸಲ ಕರ್ಕೊಂಡ ಬಟ್ಟೆ. ಅರವತ್ತು ವರ್ಷದಲ್ಲಿ ಒಂದು ದಿನಾನೂ ಮೈಗೆ ಹಾಕಿರಲಿಲ್ಲ. “ಈಗ ಹೊದಿಸಿ,” ಅಂದ್ಲು. ಹೊದಿಸಿ ಅಕ್ಕನ ಪಕ್ಕದಲ್ಲೇ ಮಲಗಿಸಿದ್ರು.

ಆಮೇಲೆ ಆ ದ್ವೀಪದಲ್ಲಿ ಎರಡು ಕಟ್ಟಳೆ ಹೋಯ್ತು, ಎರಡು ಕಟ್ಟಳೆ ಬಂತು. ಬಟ್ಟೆ ಬಡಿದಾಗೆಲ್ಲ ಹಾಕ್ಕೊಳ್ಳೋರ ಹೆಸರಿಗೆ ಮುಂಚೆ ನೀರಿಗೆ ಹೋದವರ ಹೆಸರೆಲ್ಲ ಒಂದೊಂದಾಗಿ ಕರೀತಾರೆ. ಸಾಲು ಉದ್ದ ಇರುತ್ತೆ, ಹೊತ್ತು ಹಿಡಿಯುತ್ತೆ, ಆದ್ರೂ ಯಾರೂ ಅವಸರ ಮಾಡಲ್ಲ. ಹೊಸ್ತಿಲಿಗೆ ಹೊಸಬರು ಬಂದ್ರೆ ಉಣ್ಣೋಕೆ ಇಕ್ಕೋಕೆ ಮುಂಚೆ ಹೆಸರು ಕೇಳ್ತಾರೆ. ಹೆಸರು ಗೊತ್ತಿಲ್ಲ ಅಂದ್ರೆ, ನೆನಪಾಗೋವರೆಗೂ ಕೂರಿಸ್ಕೊಳ್ತಾರೆ.

ಅಲ್ಲಿಗೆ ನೂಲು ಮುಗೀತು, ಕದಿರು ನಿಂತಿತು. ಹೇಳಿದ ಬಾಯಿಗೆ ಬಿಸಿನೀರು ಕೊಡಿ, ಕೇಳಿದ ಕಿವಿಗೆ ಬೆಚ್ಚನೆ ಕಂಬಳಿ ಸಿಗ್ಲಿ.

ತಡೀರಿ, ಏಳ್ಬೇಡಿ. ಉಣ್ಣೆ ಬುಟ್ಟಿ ಹನ್ನೊಂದು ಇಟ್ಟಿದ್ದೆ, ಹನ್ನೊಂದೂ ನಿಮ್ಮ ನಿಮ್ಮ ಮುಂದೆ ಇವೆ. ನಿಂಗವ್ವ, ಬಾಗಿಲ ಹತ್ರ ಬುಟ್ಟಿ ಇಲ್ದೆ ಕೂತಿದಾಳಲ್ಲ, ಅವಳು ಯಾವಾಗ ಬಂದಳು? ಹೆದರಬೇಡ. ಹೋಗು. ಹೆಸರು ಕೇಳಿ ಒಳಗೆ ಕರ್ಕೊಂಡು ಬಾ.